ಭಾವನ ರಾಟ್‌ವೀಲರ್ ನಮ್ಮನೆಗೆ ಬರಬಹುದಾ? ತಳಿಯೇ ಅಪಾಯನಾ, ಸಾಕಿದ ರೀತಿನಾ?

ಉಣಕಲ್ ಕೆರೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವನು. ನಾಯಿಯ ಅನುಭವ ಅಂದರೆ ಚಿಕ್ಕಂದಿನಲ್ಲಿ ನಮ್ಮ ಓಣಿಯಲ್ಲಿದ್ದ ಒಂದು ಕೆಂಚ ನಾಯಿ, ಅಷ್ಟೇ.

ಧಾರವಾಡದಲ್ಲಿರುವ ನಮ್ಮ ಭಾವನಿಗೆ ಪುಣೆಗೆ ವರ್ಗವಾಗಿದೆ. ಅಲ್ಲಿ ಸಿಕ್ಕಿರುವುದು ಮೂರನೇ ಮಹಡಿಯ ಫ್ಲಾಟ್. ಅವರ ರಾಟ್‌ವೀಲರ್ ಬ್ರೂನೋನನ್ನು ನೀವು ಇಟ್ಟುಕೊಳ್ಳಿ ಅಂತ ಅಕ್ಕ ಕೇಳಿದ್ದಾಳೆ. ಗಂಡು, ಮೂರು ವರ್ಷ, 46 ಕೆಜಿ. ಬೀಜ ತೆಗೆಸಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ಸಿಮೆಂಟಿನ ಗೂಡು ಕಟ್ಟಿಸಿದ್ದಾರೆ. ಹಗಲು ಚೈನು ಹಾಕಿರುತ್ತಾರೆ, ರಾತ್ರಿ ಬಿಡುತ್ತಾರೆ. ಊಟ ಹಾಕುವುದು ಭಾವ ಒಬ್ಬರೇ.

ನಮ್ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ಎಪ್ಪತ್ತೆರಡು ವರ್ಷದ ಅವ್ವ ಇದ್ದಾಳೆ. ಪಕ್ಕದ ಮನೆಯ ಕಾಕಾ ಸುದ್ದಿ ಕೇಳಿದ ಕೂಡಲೇ ‘ಅದು ಬ್ಯಾನ್ ಆಗೇತಲ್ರೀ, ಮನ್ಯಾಗ ಇಟ್ಕೋಬ್ಯಾಡ್ರಿ’ ಅಂದರು. 2022ರಲ್ಲಿ ಲಖನೌದಲ್ಲಿ ಸಾಕಿದ ಪಿಟ್‌ಬುಲ್ಲೇ ಮನೆಯ ಅಜ್ಜಿಯನ್ನು ಕಚ್ಚಿ ಕೊಂದ ಸುದ್ದಿಯನ್ನು ನನ್ನ ಹೆಂಡತಿ ಇನ್ನೂ ಮರೆತಿಲ್ಲ. ಭಾವ ಮಾತ್ರ ‘ತಳಿ ಗಿಳಿ ಏನಿಲ್ಲ, ಎಲ್ಲಾ ನಾವು ಬೆಳೆಸಿದ ಹಾಗೆ’ ಅನ್ನುತ್ತಾರೆ.

ಅಕ್ಕನಿಗೆ ಇಲ್ಲ ಅನ್ನುವುದು ಕಷ್ಟ. ಆದರೆ ಮಗಳ ವಿಷಯದಲ್ಲಿ ಕಣ್ಣು ಮುಚ್ಚಿ ಹೂಂ ಅನ್ನಲಾರೆ. ತಿಳಿದವರು ಇದ್ದದ್ದು ಇದ್ದ ಹಾಗೆ ಹೇಳಿ.

ಕರಿಕೋಟು (ಉತ್ತರ):

ಕಾನೂನಿನ ಭಾಗ ನಾನು ಹೇಳುತ್ತೇನೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತ್ತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೋರ್ಸೊ ಹೀಗೆ 23 ತಳಿಗಳನ್ನು ತರಿಸುವುದು, ಮರಿ ಮಾಡಿಸುವುದು, ಮಾರುವುದು ನಿಲ್ಲಬೇಕು ಅಂತ. ಮನೆಯಲ್ಲಿ ಈಗಾಗಲೇ ಇರುವ ನಾಯಿಗೆ ಸಂತಾನಹರಣ ಮಾಡಿಸಬೇಕು ಅಂತಲೂ ಇತ್ತು.

ಆ ಸುತ್ತೋಲೆಯನ್ನು ನಮ್ಮ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 10ರಂದು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳದೆ ಇಂಥ ತೀರ್ಮಾನ ಮಾಡಿದ್ದು ಸರಿಯಲ್ಲ ಅನ್ನುವುದು ಮುಖ್ಯ ಕಾರಣ. ‘ಈ ತಳಿಗಳು ಅಪಾಯವಲ್ಲ’ ಅಂತ ಕೋರ್ಟ್ ಸರ್ಟಿಫಿಕೇಟ್ ಕೊಟ್ಟಿಲ್ಲ. ಎಲ್ಲರ ಮಾತು ಕೇಳಿ ಹೊಸದಾಗಿ ನಿಯಮ ತರಲು ಕೇಂದ್ರಕ್ಕೆ ಅವಕಾಶ ಬಿಟ್ಟಿದೆ. ಇದನ್ನು ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ, ಅದಕ್ಕೇ ಬಿಡಿಸಿ ಬರೆದೆ.

ಇನ್ನೊಂದು ಮಾತು. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ, ಸಾಕಿದ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾಯಿ ನಿಮ್ಮ ಹತ್ತಿರ ಬಂದ ದಿನದಿಂದ ಆ ಹೊಣೆ ನಿಮ್ಮದು, ಭಾವನದಲ್ಲ.

ಚಾಮುಂಡಿ ತಪ್ಪಲು (ಉತ್ತರ):

ಸರ್, ಮೈಸೂರಿನಲ್ಲಿ ಹದಿನೇಳು ವರ್ಷದಿಂದ ನಾಯಿಗಳಿಗೆ ಟ್ರೈನಿಂಗ್ ಕೊಡುತ್ತಿದ್ದೇನೆ. ಊರಿಗೆ ಹೋಗುವವರ ನಾಯಿಗಳನ್ನು ಇಟ್ಟುಕೊಳ್ಳುತ್ತೇನೆ ಕೂಡ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ನಿಮ್ಮ ಭಾವನ ಮಾತು. ತಳಿಯಲ್ಲಿ ಏನೂ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಒಮ್ಮೆ ನನ್ನ ಹತ್ತಿರ ನಾಲ್ಕು ತಿಂಗಳ ಮುಧೋಳ ಮರಿ ಇತ್ತು. ಬೆಂಗಳೂರಿನ ಮನೆಯೊಳಗೆ ಬೆಳೆದದ್ದು, ಮೊಲ ಹೇಗಿರುತ್ತೆ ಅಂತ ಅದಕ್ಕೆ ಗೊತ್ತಿಲ್ಲ. ಗಾಳಿಗೆ ಒಂದು ಪ್ಲಾಸ್ಟಿಕ್ ಕವರ್ ಹಾರಿದ್ದೇ ತಡ, ಮೈ ನೆಲಕ್ಕೆ ತಗ್ಗಿಸಿ ಬಾಣದ ಹಾಗೆ ಹೋಯಿತು. ಯಾರು ಕಲಿಸಿದರು? ಯಾರೂ ಇಲ್ಲ. ಓಡುವುದನ್ನು ಕಂಡರೆ ಅಟ್ಟುವ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಾರೆ, ಅದು ರಕ್ತಕ್ಕೆ ಇಳಿದಿದೆ. ರಾಟ್‌ವೀಲರ್ ಕೂಡ ಹಾಗೇ. ಜರ್ಮನಿಯ ರಾಟ್‌ವೈಲ್ ಅನ್ನೋ ಊರಿನ ಕಸಾಯಿಗಳು ದನ ಅಟ್ಟಲು, ಗಾಡಿ ಎಳೆಯಲು, ಕಾವಲಿಗೆ ಇಟ್ಟುಕೊಂಡಿದ್ದ ನಾಯಿ. ದನಕ್ಕೇ ಹೆದರದ ನಾಯಿ ಮನುಷ್ಯನಿಗೆ ಹೆದರುತ್ತಾ? ಮೈಯಲ್ಲಿ ಬಲ ಇದೆ, ತನ್ನ ಜಾಗ ಅನ್ನುವ ಹಟ ಇದೆ.

ಆದರೆ ‘ಈ ತಳಿಯ ನಾಯಿ ಕಚ್ಚಿಯೇ ಕಚ್ಚುತ್ತೆ’ ಅನ್ನುವುದೂ ಸುಳ್ಳು. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಸ್ವಭಾವದ ವಿವರ ಮಾಲೀಕರಿಂದ ತರಿಸಿ, ಅದರಲ್ಲಿ 2,000ಕ್ಕೂ ಹೆಚ್ಚು ನಾಯಿಗಳ ಜೀನ್ ಓದಿದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು 9% ಮಾತ್ರ ಅಂತ ಬಂತು. ಬೇಗ ರೇಗುತ್ತಾ ಇಲ್ವಾ ಅನ್ನುವುದನ್ನಂತೂ ತಳಿ ನೋಡಿ ಹೇಳಲು ಆಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಪಿಟ್‌ಬುಲ್ ದವಡೆ ಲಾಕ್ ಆಗುತ್ತೆ ಅಂತಾರಲ್ಲ, ಅದೂ ಸುಳ್ಳು. ಎಲ್ಲ ನಾಯಿಯ ದವಡೆಯೂ ಕೆಲಸ ಮಾಡುವುದು ಒಂದೇ ಥರ.

ನನ್ನ ಎಡಗೈ ಮೇಲೆ ಏಳು ಹೊಲಿಗೆ ಇದೆ. ಕಚ್ಚಿದ್ದು ಲ್ಯಾಬ್ರಡಾರ್. ಅನ್ನ ತಿನ್ನುತ್ತಿದ್ದಾಗ ತಟ್ಟೆ ಸರಿಸಲು ಕೈ ಹಾಕಿದೆ. ಅದು ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ಅಗಿಯುವುದನ್ನು ನಿಲ್ಲಿಸಿತು. ಬಾಯಿ ತಟ್ಟೆಯಲ್ಲೇ ಇದೆ, ಮೈ ಮರದ ಹಾಗೆ ಬಿಗಿಯಾಗಿದೆ, ಓರೆಗಣ್ಣಿನಲ್ಲಿ ಬಿಳಿ ಕಾಣುತ್ತಿದೆ. ಎರಡು ಸೆಕೆಂಡ್ ಇರಬಹುದು. ನಾನು ಅದನ್ನು ನೋಡಿಯೂ ಕೈ ಹಿಂದೆ ತೆಗೆಯಲಿಲ್ಲ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಮನೆಯಲ್ಲಿ ಅದು ಗುರುಗುಟ್ಟಿದಾಗಲೆಲ್ಲ ಹೊಡೆಯುತ್ತಿದ್ದರಂತೆ. ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತೆ, ಸಿಟ್ಟನ್ನು ಬಿಡುವುದಿಲ್ಲ. ದಯವಿಟ್ಟು ಯಾರೂ ನಾಯಿ ಗುರ್ ಅಂದದ್ದಕ್ಕೆ ಹೊಡೆಯಬೇಡಿ. ಅದು ನಮಗೆ ಸಿಗುವ ಎಚ್ಚರಿಕೆ.

ಅದೇ ಕಚ್ಚು ಬ್ರೂನೋನದಾಗಿದ್ದರೆ? ಏಳು ಹೊಲಿಗೆಗೆ ಮುಗಿಯುತ್ತಿರಲಿಲ್ಲ. ನನ್ನ ಮಟ್ಟಿಗೆ ತಳಿಯ ಪ್ರಶ್ನೆ ಇರುವುದು ಇಲ್ಲಿ. ಕಚ್ಚುತ್ತಾ ಅನ್ನುವುದು ಆ ನಾಯಿ ಬದುಕಿದ ರೀತಿಯಿಂದ ಗೊತ್ತಾಗುತ್ತೆ. ಕಚ್ಚಿದರೆ ಏನಾಗುತ್ತೆ ಅನ್ನುವುದು ಅದರ ತೂಕ, ದವಡೆಯಿಂದ ಗೊತ್ತಾಗುತ್ತೆ. ಎರಡನ್ನೂ ಸೇರಿಸಿ ನೋಡಬೇಕು.

ಹಾಗೆ ನೋಡಿದರೆ, ಸರ್, ರಾಟ್‌ವೀಲರ್ ಅನ್ನುವುದಕ್ಕಿಂತ ಆ ಸಿಮೆಂಟಿನ ಗೂಡೇ ನನಗೆ ಜಾಸ್ತಿ ಚಿಂತೆ. ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿ ಕಚ್ಚಿ ಸತ್ತ 256 ಜನರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿದ್ದಾರೆ. 87% ಪ್ರಕರಣಗಳಲ್ಲಿ ಬಿಡಿಸಲು ಶಕ್ತಿ ಇರುವವರು ಹತ್ತಿರ ಇರಲಿಲ್ಲ. 84% ನಾಯಿಗಳಿಗೆ ಬೀಜ ತೆಗೆಸಿರಲಿಲ್ಲ. 76% ನಾಯಿಗಳನ್ನು ಮನೆಯವರ ಜೊತೆ ಬೆರೆಯಲು ಬಿಡದೆ ಬೇರೆಯಾಗಿ ಇಟ್ಟಿದ್ದರು. ತಳಿ ಇಂಥದ್ದೇ ಅಂತ ಖಚಿತವಾಗಿ ಹೇಳಲು ಸಾಧ್ಯವಾದದ್ದು 18%ಗಿಂತಲೂ ಕಡಿಮೆ ಪ್ರಕರಣಗಳಲ್ಲಿ. ನೀವು ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. ಗಂಡು, ಬೀಜ ತೆಗೆಸಿಲ್ಲ, ಹಗಲೆಲ್ಲ ಚೈನು, ಊಟ ಹಾಕುವುದು ಒಬ್ಬರೇ. ಇದರಲ್ಲಿ ಬ್ರೂನೋನ ತಪ್ಪು ಏನೂ ಇಲ್ಲ. ಪಾಪ, ಅವನಿಗೆ ಗೊತ್ತಿರುವ ಪ್ರಪಂಚ ಒಂದು ಗೇಟು, ಒಬ್ಬ ಮನುಷ್ಯ. ಆ ಮನುಷ್ಯನೂ ಈಗ ಹೋಗುತ್ತಿದ್ದಾರೆ.

ಒಮ್ಮೆಗೇ ಮನೆಗೆ ತರಬೇಡಿ. ಭಾನುವಾರ ಧಾರವಾಡಕ್ಕೆ ಹೋಗಿ. ಭಾವ ಚೈನು ಹಿಡಿದಿರಲಿ, ನೀವು ದೂರ ಕುಳಿತು ಸುಮ್ನೆ ನೋಡಿ. ಮಗಳನ್ನು ಹತ್ತಿರ ಬಿಡಲೇಬೇಡಿ. ಬಾಲ ಅಲ್ಲಾಡುತ್ತಿದೆ ಅಂತ ನಂಬಬೇಡಿ, ಮೈ ಸಡಿಲ ಇದೆಯಾ ನೋಡಿ. ಬಾಯಿ ತೆರೆದು ಸಡಿಲವಾಗಿದ್ದರೆ ಒಳ್ಳೆಯದು. ಬಾಯಿ ಮುಚ್ಚಿ ಅಲ್ಲಾಡದೆ ದಿಟ್ಟಿಸಿದರೆ ಎದ್ದು ಬನ್ನಿ. ನೋಡಿದ್ದನ್ನು ಇಲ್ಲಿ ಬರೆಯಿರಿ.

ತುಂಗೆಯ ದಡ (ಉತ್ತರ):

ನಾನು ಶಿವಮೊಗ್ಗದವಳು. ನನ್ನ ಮಗನಿಗೆ ಐದು ವರ್ಷ ಆಗಿದ್ದಾಗ ಪಕ್ಕದ ರಸ್ತೆಯ ನಾಯಿ ಕೆನ್ನೆಗೆ ಕಚ್ಚಿತು. ‘ಏನೂ ಮಾಡಲ್ಲ ಬನ್ನಿ’ ಅಂತ ಮನೆಯವರು ಹೇಳಿದ್ದಕ್ಕೇ ನಾವು ಗೇಟಿನೊಳಗೆ ಹೋಗಿದ್ದು. ನಲ್ಲಿಯ ಕೆಳಗೆ ಹದಿನೈದು ನಿಮಿಷ ಸೋಪು ಹಾಕಿ ತೊಳೆದದ್ದು, ಗಾಯದ ಸುತ್ತ ಸೂಜಿ ಚುಚ್ಚುವಾಗ ಅವನು ನನ್ನ ಸೀರೆ ಸೆರಗು ಹಿಡಿದುಕೊಂಡು ಕೂಗಿದ್ದು, ಇವತ್ತಿಗೂ ಕಣ್ಣ ಮುಂದಿದೆ.

ಅದು ರಾಟ್‌ವೀಲರ್ ಅಲ್ಲ, ಜರ್ಮನ್ ಶೆಫರ್ಡ್. 23ರ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಹಾಗಾಗಿ ಪಟ್ಟಿ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳುವುದಿಲ್ಲ. ಆದರೆ ಟ್ರೈನರ್ ಸರ್, 9% ಅಂತ ಓದಿದಾಗ ನನಗೆ ಸಮಾಧಾನ ಆಗುವುದಿಲ್ಲ. ಅಷ್ಟು ದೊಡ್ಡ ನಾಯಿಯನ್ನು ಪಳಗಿಸುವಷ್ಟು ಸಮಯ, ಬಲ, ಬುದ್ಧಿ ಎಷ್ಟು ಮನೆಗಳಲ್ಲಿದೆ? ಇಲ್ಲದಿದ್ದರೂ ಮರಿ ತರುತ್ತಾರೆ. ಅದರ ಬೆಲೆ ತೆರುವುದು ಪಕ್ಕದ ಮನೆಯ ಮಗು.

ಅಣ್ಣಾ, ನಿಮ್ಮ ಅವ್ವ ಆ ಚೈನು ಹಿಡಿದು ನಿಲ್ಲಬಲ್ಲರಾ? ನೀವು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಇರುವವರು ಅವರೇ ತಾನೇ?

ಚಾಮುಂಡಿ ತಪ್ಪಲು (ಉತ್ತರ):

ಮೇಡಂ, ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ. ವಾರಕ್ಕೆ ಒಬ್ಬರಾದರೂ ರಾಟ್‌ವೀಲರ್ ಮರಿ ಬೇಕು ಅಂತ ಫೋನ್ ಮಾಡುತ್ತಾರೆ. ದಿನಕ್ಕೆ ಎರಡು ಗಂಟೆ ಕೊಡುತ್ತೀರಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಬೇಡ ಅನ್ನುತ್ತೇನೆ. ಅವರು ಬೇರೆ ಕಡೆ ತರುತ್ತಾರೆ. ಎರಡು ತಿಂಗಳು ತುಂಬದ ಮರಿ ಮಾರಬಾರದು ಅಂತ 2017ರ ನಿಯಮ ಇದೆ. ಆದರೂ ಒಂದು ತಿಂಗಳ ಮರಿಯನ್ನು ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದವರಿದ್ದಾರೆ. ಇನ್ನೊಬ್ಬರನ್ನು ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ತಾಯಿ, ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ ಕಲಿಯುವ ಸಮಯ ಅದು. ಅದನ್ನೇ ಕಿತ್ತುಕೊಂಡು ಬರುತ್ತಾರೆ.

ಉಣಕಲ್ ಕೆರೆ (ಪ್ರಶ್ನೆ ಕೇಳಿದವರು):

ಮೊನ್ನೆ ಭಾನುವಾರ ಹೋಗಿ ಬಂದೆ. ಮಗಳನ್ನು ಕರೆದುಕೊಂಡು ಹೋಗಲಿಲ್ಲ.

ಮೊದಲ ಅರ್ಧ ಗಂಟೆ ಏನೂ ಆಗಲಿಲ್ಲ. ಭಾವನ ಕಾಲಿಗೆ ಒರಗಿ ಮಲಗಿತ್ತು, ಬಾಯಿ ತೆರೆದುಕೊಂಡು. ನನಗೆ ನಿಜವಾಗಲೂ ಇಷ್ಟವಾಯಿತು. ಅಷ್ಟರಲ್ಲಿ ಎದುರು ಮನೆಯ ಹುಡುಗ ಸೈಕಲ್ ತಗೊಂಡು ಗೇಟಿನ ಮುಂದೆ ಹೋದ. ಬ್ರೂನೋ ಎದ್ದು ನಿಂತಿತು. ಬೊಗಳಲಿಲ್ಲ. ಬಾಯಿ ಮುಚ್ಚಿತು, ಮೈ ಬಿಗಿಯಾಯಿತು, ನೀವು ಬರೆದ ಹಾಗೇ. ಮರುಕ್ಷಣ ಚೈನು ಸೆಳೆದ ರಭಸಕ್ಕೆ ಭಾವ ಎರಡು ಹೆಜ್ಜೆ ಮುಂದೆ ಹೋದರು. ಅವರು ನನಗಿಂತ ಗಟ್ಟಿ ಆಳು.

ಅಕ್ಕನಿಗೆ ಅಲ್ಲೇ ಹೇಳಿದೆ, ನಮ್ಮ ಕೈಲಿ ಆಗುವುದಿಲ್ಲ ಅಂತ. ಅತ್ತಳು. ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೀಜ ತೆಗೆಸಲು ಡಾಕ್ಟರ್ ಹತ್ತಿರ ದಿನ ಕೇಳುತ್ತೇನೆ ಅಂದರು. ಪುಣೆಗೆ ಹೋಗುವುದನ್ನು ಒಂದು ತಿಂಗಳು ಮುಂದೆ ಹಾಕುತ್ತಾರಂತೆ. ಮೈಸೂರಿನ ಸರ್, ರಾಟ್‌ವೀಲರ್ ಸಾಕಿ ಗೊತ್ತಿರುವ, ಮಕ್ಕಳಿಲ್ಲದ, ಜಾಗ ಇರುವ ಮನೆ ಯಾವುದಾದರೂ ನಿಮಗೆ ಗೊತ್ತಾ? ಬ್ರೂನೋನ ವಿಡಿಯೋ ನಿಮಗೆ ಇವತ್ತು ರಾತ್ರಿ ಕಳಿಸುತ್ತೇನೆ. ಸೈಕಲ್ ಬಂದಾಗಿನದೂ ಅದರಲ್ಲಿದೆ.