600 ಎಂಎಂನಲ್ಲಿ ಹತ್ತಿರದ ಹಕ್ಕಿ ಶಾರ್ಪ್, ದೂರದ್ದೆಲ್ಲ ಮಸುಕು: ಲೆನ್ಸ್ ಕೆಟ್ಟಿದೆಯಾ?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ತಲೆ ತಿನ್ನುತ್ತಿರೋ ಸಮಸ್ಯೆ, ಬಲ್ಲವರು ದಾರಿ ತೋರಿಸಿ.

ಕ್ಯಾಮೆರಾ 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಅಂದರೆ ಚಿಕ್ಕ ಸೆನ್ಸರ್) ಡಿಎಸ್‌ಎಲ್‌ಆರ್, ಲೆನ್ಸ್ 150-600 ಜೂಮ್. ಎಂಟು ಮೀಟರ್ ದೂರದ ಕೊಂಬೆ ಮೇಲೆ ಕೂತ ಮಿಂಚುಳ್ಳಿ ತೆಗೆದರೆ ಅದರ ಕಣ್ಣೊಳಗಿನ ಆಕಾಶವೂ ಕಾಣುತ್ತೆ. ಅದೇ ಲೆನ್ಸಲ್ಲಿ ಕೆಸರಿನ ಆಚೆ ತುದಿಯಲ್ಲಿ ನಿಂತ ಟಿಟ್ಟಿಭ ತೆಗೆದರೆ (ಅರವತ್ತು ಮೀಟರ್ ಇದ್ದೀತು) ಗರಿ ಅನ್ನೋದೇ ಇಲ್ಲ. ಒದ್ದೆ ಕಾಗದದ ಮೇಲೆ ಬಣ್ಣ ಹಚ್ಚಿದ ಹಾಗೆ. ಶಟರ್ 1/1600, ಎಫ್/8, ಐಎಸ್‌ಒ 400. ಕಾರಿನ ಕಿಟಕಿ ಮೇಲೆ ಬೀನ್ ಬ್ಯಾಗ್ ಇಟ್ಟು ತೆಗೆದದ್ದು, ಹಾಗಾಗಿ ಕೈ ನಡುಕ ಅಲ್ಲ ಅಂದುಕೊಂಡಿದ್ದೇನೆ. ಗೋಡೆಗೆ ದಿನಪತ್ರಿಕೆ ಅಂಟಿಸಿ ಎಂಟು ಮೀಟರ್‌ನಿಂದ ಪರೀಕ್ಷೆ ಮಾಡಿದೆ, ಒಂದೊಂದು ಅಕ್ಷರವೂ ಕೊರೆದಿಟ್ಟ ಹಾಗಿದೆ. ಸರ್ವಿಸ್‌ಗೆ ಕೊಡಲಾ?

ಒಂಟಿಕೊಕ್ಕರೆ
ಬ್ಯಾಕ್ ಫೋಕಸ್ (ಫೋಕಸ್ ಹಕ್ಕಿಯ ಹಿಂದೆ ಹೋಗಿ ಕೂರೋದು), ಅನುಮಾನವೇ ಬೇಡ. ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಇರುತ್ತೆ (ಆಟೊಫೋಕಸ್ ಹಿಂದೆ ಮುಂದೆ ಸರಿಸೋ ಹೊಂದಾಣಿಕೆ), ಮೈನಸ್ 8 ಹಾಕಿ ನೋಡಿ. ನನ್ನದು ಹಾಗೇ ಸರಿಹೋಯ್ತು.

ಗರಿಗಣ್ಣು
ಜೂಮ್ ಹಣೆಬರಹವೇ ಇಷ್ಟು ಗುರು. ಮಾರಿ ಪ್ರೈಮ್ (ಜೂಮ್ ಆಗದ ಲೆನ್ಸ್) ತಗೊಳ್ಳಿ.

ಹಳೇಟ್ರೈಪಾಡ್
ಸ್ವಲ್ಪ ತಡೀರಪ್ಪ. ಫೋಟೊನೇ ಸರಿಯಾಗಿ ನೋಡದೆ ಇನ್ನೊಬ್ಬರ ಲೆನ್ಸ್ ಮಾರಿಸೋಕೆ ಹೊರಟಿದ್ದೀರಿ.

ಬ್ಯಾಕ್ ಫೋಕಸ್ ಆಗಿದ್ದರೆ ಚಿತ್ರದಲ್ಲಿ ಎಲ್ಲೋ ಒಂದು ಕಡೆ ಶಾರ್ಪ್ ಇರಲೇಬೇಕು. ಹಕ್ಕಿ ಮೇಲೆ ಕೂರದ ಫೋಕಸ್ ಅದರ ಹಿಂದಿನ ಕೆಸರಿನ ಮೇಲಾದರೂ ಕೂತಿರಬೇಕಲ್ವಾ? ಈ ಸೆನ್ಸರ್‌ನಲ್ಲಿ 600 ಎಂಎಂ, ಎಫ್/8 ಇಟ್ಟರೆ ಹತ್ತು ಮೀಟರ್‌ನಲ್ಲಿ ಡೆಪ್ತ್ ಆಫ್ ಫೀಲ್ಡ್, ಅಂದರೆ ಶಾರ್ಪ್ ಆಗಿ ಕಾಣೋ ಆಳ, ಸುಮಾರು 9 ಸೆಂಟಿಮೀಟರ್. ಅರವತ್ತು ಮೀಟರ್‌ನಲ್ಲಿ ಅದೇ ಮೂರು ಮೀಟರ್ ದಾಟುತ್ತೆ. ನೀವು ಹಾಕಿರೋ ಟಿಟ್ಟಿಭದ ಫೋಟೊದಲ್ಲಿ ಮುಂದಿನ ಕೆಸರೂ ಮಸುಕು, ಹಿಂದಿನದ್ದೂ ಮಸುಕು, ನಡುವೆ ಹಕ್ಕಿಯೂ ಮಸುಕು. ಇದು ಫೋಕಸ್ ತಪ್ಪಿದ ಲಕ್ಷಣ ಅಲ್ಲ.

ಕಾಲಿನ ಅಂಚನ್ನು ನೂರು ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿ. ಕಾಲು ನೆಟ್ಟಗಿಲ್ಲ, ಹಾವಿನ ಥರ ಎರಡು ಕಡೆ ಬಳುಕಿದೆ. ಕ್ಯಾಮೆರಾ ಅಲುಗಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದುಕೊಂಡಿರುತ್ತಿತ್ತು. ನನಗೆ ಅನುಮಾನ ಬೇರೆಯದರ ಮೇಲಿದೆ. ನಾಲ್ಕು ಪ್ರಶ್ನೆ: ಎಷ್ಟು ಗಂಟೆಗೆ ತೆಗೆದಿರಿ? ಕಾರಿನ ಎಸಿ ಹಾಕಿತ್ತಾ? ಲೆನ್ಸ್ ಮುಂದೆ ಯುವಿ ಫಿಲ್ಟರ್ (ರಕ್ಷಣೆಯ ಗಾಜು) ಇದೆಯಾ? ಹುಡ್ (ಬಿಸಿಲು ತಡೆಯೋ ಕೊಳವೆ) ಹಾಕಿದ್ರಾ?

ಕೆರೆದಂಡೆ
ಗಂಟೆ ಹನ್ನೊಂದು ಇರಬೇಕು ಸರ್, ಒಳ್ಳೆ ಬಿಸಿಲು. ಎಸಿ ಹಾಕಿತ್ತು, ಇಲ್ಲದಿದ್ದರೆ ಒಳಗೆ ಕೂರೋಕಾಗಲ್ಲ. ಫಿಲ್ಟರ್ ಇದೆ, ಲೆನ್ಸ್ ಕೊಂಡ ದಿನ ಹಾಕಿದ್ದು ಇನ್ನೂ ತೆಗೆದಿಲ್ಲ. ಹುಡ್ ಯಾವಾಗಲೂ ಇರುತ್ತೆ.

(ಒಂಟಿಕೊಕ್ಕರೆಯವರು ಹೇಳಿದ ಹಾಗೆ ಮೈನಸ್ 8 ಕೂಡ ಹಾಕಿ ನೋಡಿದೆ. ದೂರದ ಹಕ್ಕಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.)

ಹಳೇಟ್ರೈಪಾಡ್
ಹಾಗಾದರೆ ನಿಮ್ಮ ಲೆನ್ಸ್ ನಿರಪರಾಧಿ. ನೀವು ತೆಗೆದದ್ದು ಟಿಟ್ಟಿಭವನ್ನಲ್ಲ, ಬಿಸಿಲ್ಗುದುರೆಯ ಹಿಂದೆ ನಿಂತ ಟಿಟ್ಟಿಭವನ್ನ.

ಬಿಸಿ ಗಾಳಿಯ ಸಾಂದ್ರತೆ ಕಡಿಮೆ, ತಂಪು ಗಾಳಿಯದ್ದು ಹೆಚ್ಚು. ಎರಡರಲ್ಲೂ ಬೆಳಕು ಬಾಗೋ ಪ್ರಮಾಣ ಬೇರೆ. ಕಾದ ಕೆಸರಿನಿಂದ ಏಳೋ ಗಾಳಿ ಒಂದೇ ಸಮ ಇರೋದಿಲ್ಲ, ಗುಳ್ಳೆ ಗುಳ್ಳೆಯಾಗಿ ಏಳುತ್ತೆ. ಅಂಥ ಅರವತ್ತು ಮೀಟರ್ ಗಾಳಿ ದಾಟಿ ಬಂದ ಬೆಳಕು ಹಕ್ಕಿಯ ಕಾಲನ್ನು ಬಳುಕಿಸದೆ ಇನ್ನೇನು ಮಾಡುತ್ತೆ? ನಕ್ಷತ್ರ ಮಿನುಗೋದೂ ಇದೇ ಕಾರಣಕ್ಕೆ. ಎಂಟು ಮೀಟರ್‌ನಲ್ಲಿ ದಾಟಬೇಕಾದ ಗಾಳಿ ಕಡಿಮೆ, ಹಾಗಾಗಿ ದಿನಪತ್ರಿಕೆ ಪರೀಕ್ಷೆ ಪಾಸಾಯ್ತು. ಲೆನ್ಸ್ ಉದ್ದವಾದಷ್ಟೂ ಹಕ್ಕಿಯ ಜೊತೆ ಈ ಕುಣಿತವೂ ದೊಡ್ಡದಾಗುತ್ತೆ. ಗರಿಗಣ್ಣು ಅವರೇ, ಪ್ರೈಮ್ ಇದ್ದರೂ ಇದೇ ಕಥೆ.

ಇದರ ಮೇಲೆ ನಿಮ್ಮ ಸ್ವಂತ ಕಾಣಿಕೆ ಬೇರೆ. ಎಸಿಯ ತಣ್ಣನೆ ಗಾಳಿ ಕಿಟಕಿಯಿಂದ ಹೊರಗೆ ಸುರಿದು ಬಿಸಿ ಗಾಳಿ ಜೊತೆ ಕಲಸಿಕೊಳ್ಳುತ್ತೆ, ಅದೂ ಸರಿಯಾಗಿ ಲೆನ್ಸಿನ ಮೂತಿ ಮುಂದೆ. ಕಪ್ಪು ಹುಡ್ ಬಿಸಿಲಿಗೆ ಕಾದು ಒಳಗೊಂದು ಬಿಸಿ ಗಾಳಿಯ ಕೊಳವೆಯಾಗುತ್ತೆ. ಕ್ಯಾನನ್‌ನ ದೊಡ್ಡ ಟೆಲಿ ಲೆನ್ಸ್‌ಗಳಿಗೆ ಬಿಳಿ ಬಣ್ಣ ಬಳಿದಿರೋದು ಶೋಕಿಗಲ್ಲ, ಕಾಯದಿರಲಿ ಅಂತ.

ನಂಬೋಕೆ ಕಷ್ಟ ಅನ್ನಿಸಿದರೆ ಹೀಗೆ ಮಾಡಿ. ಕದಲದ ಒಂದು ವಸ್ತು ಹುಡುಕಿ, ಐವತ್ತು ಅರವತ್ತು ಮೀಟರ್ ಆಚೆಗೆ. ಕಂಬ, ಬೋರ್ಡು, ಏನಾದರೂ ಸರಿ. ಕಾರಿನಿಂದ ಕೆಳಗಿಳಿದು ಟ್ರೈಪಾಡ್ ಹಾಕಿ, ಫಿಲ್ಟರ್ ಬಿಚ್ಚಿಡಿ, ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಿನಲ್ಲಿ ನೋಡೋ ಕ್ರಮ) ಹತ್ತು ಪಟ್ಟು ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿ. ಶಟರ್ ಒತ್ತೋ ಮೊದಲು ಒಂದು ನಿಮಿಷ ಸ್ಕ್ರೀನನ್ನೇ ನೋಡ್ತಾ ಕೂರಿ. ಸೂರ್ಯ ಹುಟ್ಟಿದ ಕೂಡಲೇ ಒಂದ್ಸಲ, ಹನ್ನೊಂದಕ್ಕೆ ಇನ್ನೊಂದ್ಸಲ. ಒಂದೊಂದು ಸಲವೂ ಇಪ್ಪತ್ತು ಫ್ರೇಮ್ ಬರ್ಸ್ಟ್ (ಒಂದೇ ಸಮನೆ ಸಾಲಾಗಿ) ತೆಗೀರಿ. ಇಪ್ಪತ್ತೂ ಒಂದೇ ಥರ ಮಸುಕಾಗಿದ್ದರೆ ಲೆನ್ಸಿನ ಮೇಲೆ ಅನುಮಾನ ಪಡೋಣ. ಒಂದೊಂದು ಒಂದೊಂದು ಥರ ಇದ್ದರೆ ಗಾಳಿಯದ್ದೇ ಕೆಲಸ.

ಸಂಜೆಬೆಳಕು
ಹಳೇಟ್ರೈಪಾಡ್ ಸರ್ ಹೇಳಿದ್ದು ಸರಿ, ಆದರೆ "ಬೆಳಿಗ್ಗೆ ಹೋದರೆ ಎಲ್ಲ ಸರಿ" ಅಂತ ಮಾತ್ರ ತಿಳ್ಕೋಬೇಡಿ. ಚಳಿಯ ಮುಂಜಾವಿನಲ್ಲಿ ನೀರು ಗಾಳಿಗಿಂತ ಬೆಚ್ಚಗಿರುತ್ತೆ. ಆಗಲೂ ನೀರಿನ ಮೇಲೆ ಇದೇ ಕುಣಿತ. ಕೈ ಮರಗಟ್ಟೋ ಚಳಿಯಲ್ಲಿ ಎರಡು ಗಂಟೆ ಕೂತು ಒಂದೂ ಶಾರ್ಪ್ ಫೋಟೊ ಇಲ್ಲದೆ ವಾಪಸ್ ಬಂದು ಲೆನ್ಸಿಗೆ ಶಾಪ ಹಾಕಿದ್ದೀನಿ ನಾನು.

ಇನ್ನೊಂದು ಇಕ್ಕಟ್ಟು ಇದೆ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದು ತೆಗೀಬೇಕು ಅಂತ ಎಲ್ಲರೂ ಹೇಳ್ತಾರೆ, ನಾನೂ ಕೆಸರಲ್ಲಿ ಹೊಟ್ಟೆ ಮೇಲೆ ಮಲಗೋಳೇ. ಆದರೆ ಗಾಳಿ ಹೆಚ್ಚು ಕುದಿಯೋದು ನೆಲದಿಂದ ಮೊದಲ ಒಂದೆರಡು ಅಡಿಯಲ್ಲಿ. ಮಲಗಿದರೆ ನಮ್ಮ ದೃಷ್ಟಿ ಪೂರ್ತಿ ಆ ಪದರದೊಳಗೇ ಹಾಯುತ್ತೆ. ಹಾಗಾಗಿ ಬಿಸಿಲೇರಿದ ಮೇಲೆ ಮಲಗೋದು ಇಪ್ಪತ್ತು ಮೀಟರ್ ಒಳಗಿನ ಹಕ್ಕಿಗೆ ಮಾತ್ರ. ಅದಕ್ಕಿಂತ ದೂರದ್ದಾದರೆ ಎದ್ದು ನಿಂತು ಸ್ವಲ್ಪ ಮೇಲಿನಿಂದ ತೆಗೀತೀನಿ. ಹಿನ್ನೆಲೆ ಅಷ್ಟು ಚೆಂದ ಬರಲ್ಲ, ಏನು ಮಾಡೋದು.

ಬೇರೆ ದಾರಿಯೇ ಇಲ್ಲದಾಗ ಬರ್ಸ್ಟ್ ಉದ್ದ ಬಿಡಿ. ಕುಣಿತ ಕ್ಷಣಕಾಲ ನಿಂತಾಗ ಒಂದೆರಡು ಫ್ರೇಮ್ ಸಿಕ್ಕಿಬಿಡುತ್ತೆ. ಗ್ರಹಗಳ ಫೋಟೊ ತೆಗೆಯೋರು ಸಾವಿರಗಟ್ಟಲೆ ಫ್ರೇಮ್ ತೆಗೆದು ಚೆನ್ನಾಗಿರೋದನ್ನ ಆರಿಸಿ ಜೋಡಿಸೋದು ಇದೇ ಉಪಾಯದಿಂದ. ದಯವಿಟ್ಟು ಶಾರ್ಪನಿಂಗ್ ಸಾಫ್ಟ್‌ವೇರ್‌ಗೆ ಹಾಕಿ ಹಿಂಡಬೇಡಿ. ಅದು ಇಲ್ಲದ ಗರಿ ಬಿಡಿಸಿಕೊಡುತ್ತೆ.

ಹೊಸರೆಕ್ಕೆ
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನಗೆ ಹಾರೋ ಬೆಳ್ಳಕ್ಕಿ ತೆಗೆದರೆ ಹಿಂದಿನ ಮರ ಶಾರ್ಪ್, ಹಕ್ಕಿ ಮಸುಕು. ಇದೂ ಗಾಳಿನಾ?

ಹಳೇಟ್ರೈಪಾಡ್
ಅಲ್ಲಮ್ಮ, ಅದು ಫೋಕಸ್ಸೇ. ಮರ ಶಾರ್ಪ್ ಇದೆ ಅಂತ ನೀವೇ ಹೇಳಿದ್ರಲ್ಲ. ಕಂಟಿನ್ಯುಯಸ್ ಎಎಫ್‌ಗೆ (ಚಲಿಸೋದನ್ನ ಬಿಡದೆ ಹಿಂಬಾಲಿಸೋ ಆಟೊಫೋಕಸ್) ಹಾಕಿ, ಶಟರ್ 1/2000ಕ್ಕಿಂತ ಕೆಳಗೆ ಬೇಡ, ಹಕ್ಕಿ ಇನ್ನೂ ಆಕಾಶದ ಎದುರಿಗಿರುವಾಗಲೇ ಫೋಕಸ್ ಹಿಡಿದು ಹಿಂಬಾಲಿಸಿ. ಮರದ ಮುಂದೆ ಬಂದ ಮೇಲೆ ಹಿಡಿಯೋಕೆ ಹೋದರೆ ಕ್ಯಾಮೆರಾ ಮರಾನೇ ಹಿಡಿಯೋದು. ಉಳಿದದ್ದಕ್ಕೆ ಬೇರೆ ಚರ್ಚೆ ತೆಗೀರಿ, ವಿವರವಾಗಿ ಮಾತಾಡೋಣ.

ಕೆರೆದಂಡೆ
ಪರೀಕ್ಷೆ ಮಾಡಿ ಬಂದೆ. ಬೇಲಿಯ ಕಬ್ಬಿಣದ ಕಂಬ, ಹೆಜ್ಜೆ ಲೆಕ್ಕದಲ್ಲಿ ಐವತ್ತೈದು ಮೀಟರ್. ಕಂಬಕ್ಕೊಂದು ತುಕ್ಕು ಹಿಡಿದ ಬೋಲ್ಟ್.

ಬೆಳಿಗ್ಗೆ ಆರೂವರೆಗೆ ಬೋಲ್ಟಿನ ತಿರುಪು ಎಣಿಸಬಹುದಿತ್ತು. ಏಳು ಸುತ್ತು. ಅದರ ಕೆಳಗೆ ತುಕ್ಕಿನ ನೀರು ಇಳಿದ ಕಂದು ಗೆರೆಯ ಅಂಚೂ ಸ್ಪಷ್ಟ. ಹನ್ನೊಂದಕ್ಕೆ ಅದೇ ಜಾಗ, ಅದೇ ಟ್ರೈಪಾಡ್: ಸ್ಕ್ರೀನಿನಲ್ಲಿ ಇಡೀ ಕಂಬ ಹರಿಯೋ ನೀರೊಳಗೆ ನೆಟ್ಟ ಹಾಗೆ ತೇಲಾಡ್ತಿತ್ತು. ಬೋಲ್ಟು ಒಮ್ಮೆ ಹುರುಳಿಕಾಳು, ಒಮ್ಮೆ ಎರಡು ಬೋಲ್ಟು. ಇಪ್ಪತ್ತರಲ್ಲಿ ಒಂದೇ ಒಂದು ಫ್ರೇಮಿನಲ್ಲಿ ತಿರುಪಿನ ಸುಳಿವು ಸಿಕ್ಕಿತು. ಆಮೇಲೆ ಕಾರೊಳಗೆ ಕೂತು ಎಸಿ ಹಾಕಿ ತೆಗೆದರೆ ಆ ಸುಳಿವೂ ಇಲ್ಲ. ಫಿಲ್ಟರ್ ತೆಗೆದದ್ದರಿಂದ ಕುಣಿತ ನಿಲ್ಲಲಿಲ್ಲ, ಆದರೆ ಹಿನ್ನೆಲೆಯ ಹುಲ್ಲಿನಲ್ಲಿ ಮೊದಲು ಎರಡೆರಡು ಗೆರೆ ಬರ್ತಿತ್ತು, ಅದು ಹೋಯ್ತು.

ಈಗ ಹೊಸ ತಲೆನೋವು. ನಿನ್ನೆಯಿಂದ ಹತ್ತಿರದ ಮಿಂಚುಳ್ಳಿಯೂ ಮಸುಕು! ಎದುರು ಮುಖ ಮಾಡಿ ಕೂತರೆ ಕೊಕ್ಕಿನ ತುದಿ ಶಾರ್ಪ್, ಕಣ್ಣು ಮಬ್ಬು. ಲೆನ್ಸ್ ನಿಜವಾಗಿಯೂ ಕೆಟ್ಟಿತಾ?

ಹಳೇಟ್ರೈಪಾಡ್
ಮೈನಸ್ 8 ವಾಪಸ್ ಸೊನ್ನೆಗೆ ತಂದ್ರಾ?

ಕೆರೆದಂಡೆ
ಅಯ್ಯೋ.

ಹಳೇಟ್ರೈಪಾಡ್
ಮೈನಸ್ ಅಂದರೆ ಫೋಕಸ್ ನಿಮ್ಮ ಕಡೆಗೆ ಜರುಗುತ್ತೆ. ಎಂಟು ಮೀಟರ್‌ನಲ್ಲಿ ನಿಮಗಿರೋ ಆಳವೇ ಆರು ಸೆಂಟಿಮೀಟರ್‌ಗಿಂತ ಕಡಿಮೆ, ಅದು ಪೂರ್ತಿ ಕೊಕ್ಕಿಗೇ ಖರ್ಚಾಗಿದೆ. ಸೊನ್ನೆಗೆ ತನ್ನಿ. ನಿಜವಾಗಿ ಟ್ಯೂನ್ ಬೇಕಾ ಅಂತ ನೋಡಬೇಕಾದರೆ ಅದೇ ದಿನಪತ್ರಿಕೆಯನ್ನ ಲೈವ್ ವ್ಯೂನಲ್ಲೊಮ್ಮೆ, ವ್ಯೂಫೈಂಡರ್‌ನಲ್ಲೊಮ್ಮೆ ತೆಗೆದು ಹೋಲಿಸಿ. ಎರಡೂ ಒಂದೇ ಥರ ಇದ್ದರೆ ಆ ಮೆನು ಕಡೆ ತಿರುಗಿಯೂ ನೋಡಬೇಡಿ.

ಒಂಟಿಕೊಕ್ಕರೆ
ಕ್ಷಮಿಸಿ ಕೆರೆದಂಡೆಯವರೇ, ಅವಸರ ಪಟ್ಟೆ. ನನ್ನ ಲೆನ್ಸಿನ ಸಂಖ್ಯೆ ನಿಮ್ಮದಕ್ಕೆ ಹೊಂದಲೇಬೇಕು ಅಂತೇನಿಲ್ಲ, ಅದನ್ನೂ ಹೇಳಬೇಕಿತ್ತು.

ಕೆರೆದಂಡೆ
ಪರವಾಗಿಲ್ಲ ಬಿಡಿ, ಪರೀಕ್ಷೆ ಮಾಡದೆ ಹಾಕಿದ್ದು ನಾನೇ ತಾನೇ. ಸೊನ್ನೆಗೆ ತಂದೆ, ಮಿಂಚುಳ್ಳಿ ಕಣ್ಣು ವಾಪಸ್ ಬಂತು.

ಟಿಟ್ಟಿಭಕ್ಕೆ ಇವತ್ತು ಆರು ಗಂಟೆಗೇ ಹೋಗಿ, ಕಾರು ಬಿಟ್ಟು, ದಂಡೆಯ ಪೊದೆ ಪಕ್ಕ ಸುಮ್ಮನೆ ಕೂತಿದ್ದೆ. ನಲವತ್ತು ನಿಮಿಷಕ್ಕೆ ಅದೇ ಮೇಯ್ತಾ ಮೇಯ್ತಾ ಹದಿನೈದು ಮೀಟರ್‌ಗೆ ಬಂತು. ಕಣ್ಣಿನ ಮುಂದಿನ ಕೆಂಪು ಚರ್ಮದ ಸುಕ್ಕು ಕೂಡ ಎಣಿಸಬಹುದು, ಅಷ್ಟು ಶಾರ್ಪ್. ಸಂಜೆಬೆಳಕು ಮೇಡಂ, ಆರು ಫ್ರೇಮ್ ಹಾಕಿದ್ದೀನಿ, ನೋಡಿ. ಐದರಲ್ಲಿ ಬೆನ್ನು ತಿರುಗಿಸಿ ನಿಂತಿದೆ.