ಚರ್ಚೆ: ಯು ಯಾಂಗ್ ಅವರನ್ನು ಲಂಡನ್ ಪಂದ್ಯದಿಂದಲೇ ಅಳೆಯಬೇಕೇ?

ಬ್ಯಾಕ್‌ಹ್ಯಾಂಡ್ ಭಟ್ಟ: ಚೀನಾದ ಬ್ಯಾಡ್ಮಿಂಟನ್ ಡಬಲ್ಸ್ ಆಟಗಾರ್ತಿಯರ ಮಾತು ಬಂದರೆ ಗಾವೊ ಲಿಂಗ್, ಝಾವೊ ಯುನ್ಲೈ ಎಂದು ಹೊಗಳುತ್ತಾರೆ. ಯು ಯಾಂಗ್ ಹೆಸರೆತ್ತಿದರೆ ಸಾಕು, ‘ಬೇಕೆಂದೇ ಸೋತವರಲ್ಲವೇ’ ಎಂದು ಮುಖ ಸಿಂಡರಿಸುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಡು ಜಿಂಗ್ ಜೊತೆ ಚಿನ್ನ, ಹೆ ಹಾನ್‌ಬಿನ್ ಜೊತೆ ಮಿಶ್ರ ಡಬಲ್ಸ್‌ನಲ್ಲಿ ಕಂಚು. ವಿಶ್ವ ಚಾಂಪಿಯನ್ ಪಟ್ಟ ಮೂರು ಸಲ: 2010ರಲ್ಲಿ ಡು ಜಿಂಗ್ ಜೊತೆ, 2011 ಮತ್ತು 2013ರಲ್ಲಿ ವಾಂಗ್ ಶಿಯಾವೊಲಿ ಜೊತೆ. ಜೊತೆಗಾರ್ತಿ ಬದಲಾದರೂ ಗೆಲುವು ನಿಲ್ಲಲಿಲ್ಲ. ಒಂದು ಸಂಜೆಯ ತಪ್ಪಿಗೆ ಇಷ್ಟನ್ನೂ ಅಳಿಸಿ ಹಾಕಬೇಕೇ?

ಹಳೆಯ ರ‍್ಯಾಕೆಟ್: ‘ಒಂದು ಸಂಜೆಯ ತಪ್ಪು’! ಕೈತಪ್ಪಿ ಹಾಲು ಚೆಲ್ಲಿತು ಎಂಬಂತೆ ಹೇಳುತ್ತೀರಲ್ಲ ಭಟ್ಟರೇ. 2012ರ ಲಂಡನ್ ಒಲಿಂಪಿಕ್ಸ್, ಜುಲೈ 31, ವೆಂಬ್ಲಿ ಅರೀನಾ. ಯು ಯಾಂಗ್, ವಾಂಗ್ ಶಿಯಾವೊಲಿ ಅವರ ಅಗ್ರ ಶ್ರೇಯಾಂಕದ ಜೋಡಿ ಸರ್ವ್‌ಗಳನ್ನು ನೆಟ್ಟಿಗೆ ಹೊಡೆಯುತ್ತಿದೆ. ಎದುರಿಗಿದ್ದ ಕೊರಿಯಾದ ಜಂಗ್ ಕ್ಯುಂಗ್-ಉನ್, ಕಿಮ್ ಹಾ-ನಾ ಅವರದೂ ಅದೇ ಕಥೆ. ಮೊದಲ ಗೇಮ್‌ನ ಅತಿ ಉದ್ದದ ರ‍್ಯಾಲಿಗೆ ನಾಲ್ಕೇ ಹೊಡೆತ. ಜನ ಛೀಮಾರಿ ಹಾಕಿದರು, ರೆಫರಿ ಅಂಕಣಕ್ಕೇ ಬಂದು ಎಚ್ಚರಿಸಿದರು. ಕೊನೆಗೆ ಚೀನಾ 14-21, 11-21ರಿಂದ ‘ಸೋತಿತು’. ಹಿಂದಿನ ವರ್ಷ ವಿಶ್ವ ಚಾಂಪಿಯನ್ ಆಗಿದ್ದೂ ಅದೇ ಅಂಗಣದಲ್ಲಿ. ದುಡ್ಡು ಕೊಟ್ಟು ಬಂದವರ ಗತಿ ಏನು?

ಬ್ಯಾಕ್‌ಹ್ಯಾಂಡ್ ಭಟ್ಟ: ಕಾರಣವನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೀರಿ. ತಮ್ಮದೇ ದೇಶದ ಟಿಯಾನ್ ಚಿಂಗ್ ಮತ್ತು ಝಾವೊ ಯುನ್ಲೈ ಡೆನ್ಮಾರ್ಕ್‌ಗೆ ಸೋತು ಗುಂಪಿನಲ್ಲಿ ಎರಡನೆಯವರಾಗಿದ್ದರು. ಇವರು ಗೆದ್ದಿದ್ದರೆ ಫೈನಲ್‌ಗೆ ಮೊದಲೇ ಅವರನ್ನು ಎದುರಿಸಬೇಕಾದೀತು. ಡಬಲ್ಸ್‌ಗೆ ಗುಂಪು ಹಂತ ತಂದಿದ್ದು ಆ ಒಲಿಂಪಿಕ್ಸ್‌ನಲ್ಲೇ. ನಿಯಮವೇ ಬಾಗಿಲು ತೆರೆದಿಟ್ಟಿತ್ತು.

ನೆಟ್ಟಿನಂಚು: ಬಾಗಿಲು ತೆರೆದಿದ್ದರೆ ನುಗ್ಗಿದವನು ಕಳ್ಳನಲ್ಲವೇ? ಆದರೆ ನೀವಿಬ್ಬರೂ ತರಬೇತುದಾರ ಲಿ ಯೊಂಗ್ಬೊ ಹೆಸರನ್ನೇ ಎತ್ತಲಿಲ್ಲ. 2004ರ ಅಥೆನ್ಸ್ ಸೆಮಿಫೈನಲ್‌ನಲ್ಲಿ ಚೀನಾದ ಝಾಂಗ್ ನಿಂಗ್‌ಗೆ ದಾರಿ ಬಿಡುವಂತೆ ಚೀನಾದವರೇ ಆದ ಝೌ ಮಿಗೆ ಹೇಳಿದ್ದನ್ನು ಆತನೇ ಮುಂದೆ ಒಪ್ಪಿಕೊಂಡ. ಅಂಥವರ ಕೈಕೆಳಗೆ ಆಡುವ ಹುಡುಗಿ ಏನು ಮಾಡಬೇಕಿತ್ತು?

ಹಳೆಯ ರ‍್ಯಾಕೆಟ್: ‘ಹುಡುಗಿ’ಯೇ? ಆಗ ಅವರಿಗೆ ಇಪ್ಪತ್ತಾರು ವರ್ಷ, ಕೊರಳಲ್ಲಿ ಒಲಿಂಪಿಕ್ ಚಿನ್ನ.

ಕಾಫಿತೋಟ: ಚೀನಾದವರಿಗಾಗಿ ಇಷ್ಟೊಂದು ಕಣ್ಣೀರು! ಅದೇ ದಿನ ನಮ್ಮ ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಪ್ರಾಮಾಣಿಕವಾಗಿ ಆಡಿ ಮನೆಗೆ ಬಂದರು, ಅದನ್ನು ಯಾರೂ ನೆನೆಯುವುದಿಲ್ಲ. ಜಪಾನಿನ ಫುಜಿಯಿ ಮತ್ತು ಕಾಕಿಯಿವಾ ಚೀನೀ ತೈಪೆಗೆ 19-21, 11-21ರಿಂದ ಸೋತಿದ್ದರಿಂದ ನಮಗೆ ಒಂದೇ ಅಂಕದಲ್ಲಿ ಕ್ವಾರ್ಟರ್‌ಫೈನಲ್ ತಪ್ಪಿತು. ಎರಡನೇ ಗೇಮ್‌ನಲ್ಲಿ ಹನ್ನೊಂದು! ಭಾರತ ದೂರು ಕೊಟ್ಟರೂ ತಳ್ಳಿಹಾಕಿದರು.

ಲೆಕ್ಕದ ಮೇಷ್ಟ್ರು: ಅಂಕದ ಮಾತು ಬಂದಿದ್ದರಿಂದ ಹೇಳುತ್ತೇನೆ. ಗುಂಪಿನಲ್ಲಿ ಮೂರು ಜೋಡಿಗಳಿಗೆ ತಲಾ ಎರಡು ಗೆಲುವು. ಗಳಿಸಿದ, ಬಿಟ್ಟುಕೊಟ್ಟ ಅಂಕಗಳ ವ್ಯತ್ಯಾಸ ನೋಡಿ: ನಮ್ಮವರು ಜಪಾನಿಗೆ 16-21, 18-21ರಿಂದ ಸೋತಾಗ ಎಂಟು ಕೊರತೆ. ತೈಪೆಯ ಮೇಲೆ 25-23, 16-21, 21-18, ಅಲ್ಲಿಗೆ ಸರಿಸಮ. ಸಿಂಗಪುರದ ಮೇಲೆ 21-16, 21-15, ಹನ್ನೊಂದು ಹೆಚ್ಚು. ಒಟ್ಟು ಮೂರು. ಜಪಾನಿನದು ನಾಲ್ಕು. ಸಿಂಗಪುರಕ್ಕೆ ಇನ್ನೆರಡು ಅಂಕ ಬಿಟ್ಟುಕೊಡದಿದ್ದರೆ ಈ ದೂರೇ ಬೇಕಿರಲಿಲ್ಲ.

ಕಾಫಿತೋಟ: ‘ಇನ್ನೆರಡು ಅಂಕ’ ಎಂದು ಕುರ್ಚಿಯಲ್ಲಿ ಕುಳಿತು ಹೇಳುವುದು ಬಲು ಸುಲಭ ಮೇಷ್ಟ್ರೇ. ಪ್ರಶ್ನೆ ನಾವು ಕೊಟ್ಟ ಅಂಕದ್ದಲ್ಲ, ಜಪಾನ್ ಕೊಟ್ಟ ಅಂಕದ್ದು.

ಹಳೆಯ ರ‍್ಯಾಕೆಟ್: ಜಪಾನ್ ಬೇಕೆಂದೇ ಸೋತಿತು ಎಂಬುದಕ್ಕೆ ಪುರಾವೆ? ಬೇಕೆಂದೇ ಸೋಲಲು ಆಡಿ ಅನರ್ಹಗೊಂಡವರು ಚೀನಾದ ಒಂದು, ಕೊರಿಯಾದ ಎರಡು, ಇಂಡೊನೇಷ್ಯಾದ ಒಂದು ಜೋಡಿ. ಜಪಾನ್ ಆ ಪಟ್ಟಿಯಲ್ಲಿ ಇಲ್ಲ. ಫುಜಿಯಿ ಜೋಡಿ ಬೆಳ್ಳಿ ಗೆದ್ದುಕೊಂಡು ಹೋಯಿತು ಸ್ವಾಮಿ.

ಕಾಫಿತೋಟ: ಬೆಳ್ಳಿ ಗೆಲ್ಲುವಷ್ಟು ಬಲವಿದ್ದವರು 11-21ಕ್ಕೆ ಸೋತಿದ್ದು ಹೇಗೆ? ನನ್ನ ವಾದವನ್ನೇ ನೀವು ಹೇಳಿಕೊಟ್ಟಿರಿ.

ನೆಟ್ಟಿನಂಚು: ಅದೇ ತೈಪೆಯನ್ನು ನಮ್ಮವರೂ ಸೋಲಿಸಿದ್ದರು. ಹಾಗಾದರೆ ತೈಪೆ ನಮಗೂ ಬೇಕೆಂದೇ ಸೋತಿತೇ? ಒಂದು ದಾರ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಳ್ಳುತ್ತದೆ.

ಕಾಫಿತೋಟ: ಸ್ವೆಟರ್ ಬಿಚ್ಚಲಿ. ನಾಲ್ಕು ಜೋಡಿಗಳನ್ನು ಹೊರಗೆ ಹಾಕಿದ ಮೇಲೆ ಗುಂಪಿನಲ್ಲಿ ಮೂರೂ ಪಂದ್ಯ ಸೋತಿದ್ದ ಕೆನಡಾದವರನ್ನು ಕರೆದು ಆಡಿಸಿದರು. ಅವರು ಸೆಮಿಫೈನಲ್ ಆಡಿದರು! ಎರಡು ಪಂದ್ಯ ಗೆದ್ದವರು ಗ್ಯಾಲರಿಯಲ್ಲಿ.

ಲೆಕ್ಕದ ಮೇಷ್ಟ್ರು: ಖಾಲಿಯಾದ ಜಾಗ ಆಯಾ ಗುಂಪಿನವರಿಗೇ ಸಿಕ್ಕಿತು. ನಮ್ಮ ಗುಂಪಿನಿಂದ ಯಾರೂ ಅನರ್ಹರಾಗಲಿಲ್ಲ. ಇದು ಸಾಮಾನ್ಯ ಗಣಿತ.

ಕಾಫಿತೋಟ: ನಿಮ್ಮ ಗಣಿತಕ್ಕೆ ಕೈಮುಗಿದೆ. ಎದೆ ಎಂಬುದೊಂದಿದ್ದರೆ ಅದನ್ನೂ ಕೂಡಿಸಿ ನೋಡಿ.

ಲೆಕ್ಕದ ಮೇಷ್ಟ್ರು: ವೈಯಕ್ತಿಕ ಮಾತು ಬೇಡ. ನಾನೂ ಆ ರಾತ್ರಿ ಟಿವಿಯ ಮುಂದೆಯೇ ಇದ್ದೆ, ಕಾಗದ, ಪೆನ್ಸಿಲ್ ಹಿಡಿದುಕೊಂಡು.

ಬ್ಯಾಕ್‌ಹ್ಯಾಂಡ್ ಭಟ್ಟ: ಚರ್ಚೆ ಯು ಯಾಂಗ್ ಬಗ್ಗೆ, ದಯವಿಟ್ಟು. ಅನರ್ಹರಾದ ರಾತ್ರಿ ಆಕೆ ಚೀನಾದ ಸಾಮಾಜಿಕ ಜಾಲತಾಣ ವೈಬೊದಲ್ಲಿ ಆಟಕ್ಕೇ ವಿದಾಯ ಹೇಳಿದ್ದರು. ಮರುವರ್ಷ ಗುವಾಂಗ್‌ಝೌನಲ್ಲಿ ಮತ್ತೆ ವಿಶ್ವ ಚಾಂಪಿಯನ್. 2013, 2014ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ. ಇದು ಸಣ್ಣ ಎದೆಗಾರಿಕೆಯೇ?

ಹಳೆಯ ರ‍್ಯಾಕೆಟ್: ವಿದಾಯ ಹೇಳಿ ವರ್ಷದೊಳಗೆ ಹಿಂದಿರುಗುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ. ರಾಜಕಾರಣಿಗಳನ್ನು ಕೇಳಿ.

ನೆಟ್ಟಿನಂಚು: 2016ರ ರಿಯೋವನ್ನು ಭಟ್ಟರು ಮೆಲ್ಲಗೆ ದಾಟಿಸಿಬಿಟ್ಟರು. ಟಾಂಗ್ ಯುವಾನ್‌ಟಿಂಗ್ ಜೊತೆ ಕಂಚಿನ ಪಂದ್ಯ ಸೋತರು. ನೆಟ್ಟಿನ ಆಚೆ ಇದ್ದವರಲ್ಲಿ ಒಬ್ಬರು ಯಾರು ಗೊತ್ತೇ? ಲಂಡನ್ನಿನಲ್ಲಿ ಜೊತೆಗೇ ಅನರ್ಹರಾದ ಅದೇ ಜಂಗ್ ಕ್ಯುಂಗ್-ಉನ್. ಈ ಸಲ ಇಬ್ಬರೂ ನಿಜವಾಗಿ ಆಡಿದರು, ಗೆದ್ದವರು ಜಂಗ್.

ಬ್ಯಾಕ್‌ಹ್ಯಾಂಡ್ ಭಟ್ಟ: ‘ನಿಜವಾಗಿ ಆಡಿದರು’ ಎಂದು ನೀವೇ ಬರೆದಿದ್ದೀರಿ. ನನಗೆ ಅಷ್ಟು ಸಾಕು.

ಹಳೆಯ ರ‍್ಯಾಕೆಟ್: ಸೋತ ಪಂದ್ಯವನ್ನು ಸಾಕ್ಷಿಗೆ ನಿಲ್ಲಿಸಿದವರು ನೀವೇ ಮೊದಲಿಗರು ಭಟ್ಟರೇ.

ಕಾಫಿತೋಟ: 11-21ರ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ.