ಮಾಲ್‌ನ ಮೇಲಿನ ಮಹಡಿ ಯಾಕೆ ನಡೆಯಲ್ಲ? ಸೌತ್‌ಡೇಲ್ ಹೇಗೆ ಗೆದ್ದಿತು?

ಹದಡಿ_ರಸ್ತೆ (ದಾವಣಗೆರೆ):
ಊರಾಚೆ ಮಾಲ್‌ಗಳ ಇತಿಹಾಸದ ಮೇಲೆ ಕಾಲೇಜಿನಲ್ಲಿ ಸೆಮಿನಾರ್ ಇದೆ. ನಮ್ಮೂರಿನ ಬಹಳಷ್ಟು ಕಾಂಪ್ಲೆಕ್ಸ್‌ಗಳಲ್ಲಿ ನೆಲಮಹಡಿಗೆ ಪೈಪೋಟಿ, ಮೇಲೆ ಶಟರ್‌ಗೆ ‘ಬಾಡಿಗೆಗೆ ಇದೆ’ ಬೋರ್ಡು. ಅಮೆರಿಕದ ಸೌತ್‌ಡೇಲ್ ಮಾಲ್ 1956ರಲ್ಲೇ ಎರಡು ಮಹಡಿ ಕಟ್ಟಿ ಹೇಗೆ ಗೆದ್ದಿತು? ಎಸಿ ಹಾಕಿದ್ದಕ್ಕಾ? ಆ ಲೆಕ್ಕ ನಮ್ಮ ಕಡೆ ಹೊಂದುತ್ತಾ?

ನಕ್ಷೆ_ಅಳತೆ:
ಎಸಿಗಿಂತ ಹೆಚ್ಚು ಕೆಲಸ ಮಾಡಿದ್ದು ನೆಲದ ಮಟ್ಟ. ಮೊದಲು ಸೋತದ್ದನ್ನು ನೋಡಿ. ಬಾಸ್ಟನ್ ಹತ್ತಿರದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1951ರಲ್ಲಿ ತೆರೆದ ಶಾಪರ್ಸ್ ವರ್ಲ್ಡ್ ಕೂಡ ಎರಡು ಮಹಡಿಯದೇ. ಆದರೆ ಜನ ಹುಡುಕಿಕೊಂಡು ಬರುವ ದೊಡ್ಡ ಮಳಿಗೆ ಒಂದೇ, ಅದೂ ಒಂದು ತುದಿಗೆ. ಅಲ್ಲಿಗೆ ಬಂದವರಿಗೆ ಇನ್ನೊಂದು ತುದಿವರೆಗೆ ನಡೆಯೋಕೆ ಕಾರಣವೇ ಇಲ್ಲ. ಕಟ್ಟಿಸಿದ ಕಂಪನಿ ಕೆಲವೇ ವರ್ಷಗಳಲ್ಲಿ ದಿವಾಳಿಯಾಯಿತು.

ಸೌತ್‌ಡೇಲ್ ತೆರೆದದ್ದು 1956ರ ಅಕ್ಟೋಬರ್ 8ರಂದು, ಮಿನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ. ವಾಸ್ತುಶಿಲ್ಪಿ ವಿಕ್ಟರ್ ಗ್ರೂಯನ್, 1938ರಲ್ಲಿ ವಿಯೆನ್ನಾ ಬಿಟ್ಟು ಅಮೆರಿಕಕ್ಕೆ ಬಂದವರು. ಡೇಟನ್ಸ್ ಮತ್ತು ಅದರ ಎದುರಾಳಿ ಡೊನಾಲ್ಡ್‌ಸನ್ಸ್, ಈ ಎರಡು ದೊಡ್ಡ ಮಳಿಗೆಗಳನ್ನೂ ಒಂದೇ ಸೂರಿನಡಿ ತಂದರು. ಒಂದರಿಂದ ಇನ್ನೊಂದಕ್ಕೆ ಹೋಗುವ ಗಿರಾಕಿ ನಡುವಿನ ಸಣ್ಣ ಅಂಗಡಿಗಳ ಮುಂದೆ ಹಾಯಲೇಬೇಕು. ಪಾರ್ಕಿಂಗನ್ನೂ ಎರಡು ಮಟ್ಟದಲ್ಲಿ ಮಾಡಿದರು. ಎತ್ತರದ ಕಡೆ ಕಾರು ನಿಲ್ಲಿಸಿದವರು ನೇರ ಮೇಲಿನ ಮಹಡಿಗೇ ಕಾಲಿಡುತ್ತಾರೆ, ಅವರಿಗೆ ಅದೇ ನೆಲಮಹಡಿ. ನಡುವೆ ಗಾಜಿನ ಸೂರಿನ ಅಂಗಳ, ಅದರಲ್ಲಿ 21 ಅಡಿ ಎತ್ತರದ ಹಕ್ಕಿಪಂಜರ. ಅಂದಕ್ಕೆ ಮಾತ್ರ ಅಂತ ಬರೆದುಬಿಡಬೇಡಿ. ಬಾಲ್ಕನಿಯಲ್ಲಿ ನಿಂತವರಿಗೆ ಎರಡೂ ಮಹಡಿಯ ಬೋರ್ಡು ಒಟ್ಟಿಗೆ ಕಾಣೋದು ಆ ತೆರಪಿನಿಂದಲೇ.

ಎಸಿ ವಿಷಯ: ಅಲ್ಲಿ ವರ್ಷಕ್ಕೆ 126 ದಿನ ಮಾತ್ರ ಹೊರಗೆ ಓಡಾಡಿ ಕೊಳ್ಳುವಂಥ ಹವೆ ಅನ್ನೋದು ಗ್ರೂಯನ್ ಹಿಡಿದ ಲೆಕ್ಕ. ಅದಕ್ಕೇ ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ. ಹಿಮ ಬೀಳದ ದಾವಣಗೆರೆಗೆ ನೆರಳು ಮತ್ತು ಗಾಳಿ ಸಾಕು, ಇಡೀ ಅಂಗಳ ತಂಪು ಮಾಡುವ ಕರೆಂಟ್ ಬಿಲ್ಲು ಕೊನೆಗೆ ಬಾಡಿಗೆದಾರರ ತಲೆಗೇ ಬರುತ್ತೆ.

ತೆರಿಗೆ_ಕಡತ:
ಹಣದ ಕಡೆಯೂ ಸೆಮಿನಾರಿನಲ್ಲಿ ಬರಲಿ. 1954ರವರೆಗೆ ಅಮೆರಿಕದಲ್ಲಿ ಕಟ್ಟಡದ ಸವಕಳಿಯನ್ನು (ಹಳೆಯದಾದಂತೆ ಇಳಿಯುವ ಬೆಲೆ, ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಖರ್ಚು) ಸಾಮಾನ್ಯವಾಗಿ 40 ವರ್ಷಕ್ಕೆ ಸಮನಾಗಿ ಹಂಚಿ ತೋರಿಸಬೇಕಿತ್ತು. ಆ ವರ್ಷದ ಕಾನೂನು ಮೊದಲ ವರ್ಷಗಳಲ್ಲೇ ದೊಡ್ಡ ಪಾಲು ಕಳೆಯಲು ಬಿಟ್ಟಿತು. ಬಾಡಿಗೆ ಬರ್ತಿದ್ದರೂ ಪುಸ್ತಕದಲ್ಲಿ ನಷ್ಟ, ಅಂದರೆ ತೆರಿಗೆ ಉಳಿತಾಯ. ಹೊಸ ಕಟ್ಟಡಕ್ಕೇ ಲಾಭ ಜಾಸ್ತಿ ಇದ್ದದ್ದರಿಂದ ಹಳೇ ಪೇಟೆಯ ರಿಪೇರಿ ಬಿಟ್ಟು ಹೊರವಲಯದ ಖಾಲಿ ಜಮೀನಿಗೆ ದುಡ್ಡು ಹರಿಯಿತು. 1986ರ ತೆರಿಗೆ ಸುಧಾರಣೆ ಆ ಸೌಲಭ್ಯವನ್ನು ತೆಗೆಯಿತು. ಗ್ರೂಯನ್ ಕನಸು ಬೇರೆಯೇ ಇತ್ತು: 463 ಎಕರೆಯಲ್ಲಿ ಮನೆ, ಶಾಲೆ, ಆಸ್ಪತ್ರೆ, ಕೆರೆ ಎಲ್ಲ ಕೂಡಿದ ಊರು. ಅದು ಅವರೆಣಿಸಿದಂತೆ ಕೂಡಿಬರಲಿಲ್ಲ, ಮಾಲ್ ಸುತ್ತ ಕಾರುಗಳೇ ತುಂಬಿದವು. 1978ರಲ್ಲಿ ಇಂಥ ಮಾಲ್‌ಗಳು ತಮ್ಮ ಕೂಸಲ್ಲ ಅಂತ ಬಹಿರಂಗವಾಗಿಯೇ ಹೇಳಿದರು. ಇದನ್ನು ಬಿಟ್ಟು ಅವರ ಕಥೆ ಹೇಳಿದರೆ ಅನ್ಯಾಯ.

ಕೋಟೆ_ಕೆಳಗೆ (ಚಿತ್ರದುರ್ಗ):
ನಮ್ಮಲ್ಲಿ ಇಳಿಜಾರು ಸೈಟು ಸಿಗುತ್ತೆ, ಹಿಂದಿನ ರಸ್ತೆಯಿಂದ ಮೇಲಿನ ಮಹಡಿಗೆ ನೇರ ಬಾಗಿಲು ಕೊಡಬಹುದು. ದಾವಣಗೆರೆಯದು ಮಟ್ಟಸ ನೆಲ. ಅಲ್ಲಿಗೆ ಅರ್ಧ ಇಳಿಸಿ ಅರ್ಧ ಏರಿಸೋದೇ ದಾರಿ: ಮಹಡಿ ಎತ್ತರ 12 ಅಡಿ ಅಂದುಕೊಳ್ಳಿ, ಕೆಳಗಿನದು ರಸ್ತೆಗಿಂತ 6 ಅಡಿ ತಗ್ಗು, ಮೇಲಿನದು 6 ಅಡಿ ಎತ್ತರ. ಎರಡಕ್ಕೂ ಆರಿಂಚಿನ 12 ಮೆಟ್ಟಿಲು. ಗಾಲಿಕುರ್ಚಿಗೆ 12ಕ್ಕೆ 1ರ ಇಳಿಜಾರು ಬೇಕು, ಅಂದರೆ 72 ಅಡಿ ಉದ್ದದ ರ‍್ಯಾಂಪ್, ನಡುವೆ ನಿಲ್ಲೋಕೆ ಸಮತಟ್ಟು ಜಾಗ ಬೇರೆ. ಇಷ್ಟು ಜಾಗ ನಕ್ಷೆಯಲ್ಲಿ ಮೊದಲೇ ಬಿಡದಿದ್ದರೆ ಆಮೇಲೆ ಸಿಗಲ್ಲ.

ಕೆಡೋದು ಎಲ್ಲಿ ಗೊತ್ತಾ, ಮಳೆನೀರಲ್ಲಿ. ತಗ್ಗಿನ ಮೆಟ್ಟಿಲ ತಲೆಗೆ ಆರಿಂಚಿನ ಕಟ್ಟೆ, ಬುಡದಲ್ಲಿ ಅಡ್ಡಕ್ಕೆ ಜಾಲರಿ ಹಾಕಿದ ಚರಂಡಿ, ಸಂಪು, ಪಂಪು, ಕರೆಂಟ್ ಹೋದರೆ ಜನರೇಟರ್ ಲೈನು. ಎರೆ ಮಣ್ಣಾದರೆ ನೀರು ಕುಡಿದು ಉಬ್ಬಿ ತಗ್ಗಿನ ಗೋಡೆಯನ್ನು ಒತ್ತುತ್ತೆ, ಗೋಡೆ ಹಿಂದೆ ಜಲ್ಲಿ ತುಂಬಿ ನೀರು ಹೊರಹೋಗೋಕೆ ದಾರಿ ಬಿಡಬೇಕು.

ಇನ್ನೊಂದು, ಮಳಿಗೆಗಳನ್ನು ಒಂದೊಂದಾಗಿ ಮಾರಿಬಿಟ್ಟರೆ ಯಾವ ಅಂಗಡಿ ಎಲ್ಲಿರಬೇಕು ಅಂತ ಹೇಳೋರೇ ಇರಲ್ಲ. ಮೇಲಿನ ಮಾಲೀಕರು ಮೇಂಟೆನೆನ್ಸ್ ನಿಲ್ಲಿಸ್ತಾರೆ, ಎಸ್ಕಲೇಟರ್ ನಿಲ್ಲುತ್ತೆ, ಇದ್ದ ಗಿರಾಕಿಯೂ ಹೋಗ್ತಾರೆ. ದೇಶದ ಎಷ್ಟೋ ಮಾಲ್ ಹೀಗೇ ಸತ್ತಿವೆ.

ಹದಡಿ_ರಸ್ತೆ:
ಬಹಳ ಉಪಕಾರ ಆಯ್ತು ಸರ್. ಈಗಾಗಲೇ ಕಟ್ಟಿಬಿಟ್ಟಿದ್ದಕ್ಕೆ ಏನಾದರೂ ದಾರಿ ಇದೆಯಾ?

ನಕ್ಷೆ_ಅಳತೆ:
ಮೊದಲು ಲಿಫ್ಟ್ ಮತ್ತು ಮೆಟ್ಟಿಲು ನೋಡಿ. ಬೇಸ್‌ಮೆಂಟಿನಿಂದ ಬರುವ ಲಿಫ್ಟು ಮೊದಲು ನೆಲಮಹಡಿಯಲ್ಲಿ ನಿಲ್ಲುತ್ತೆ, ಜನ ಅಲ್ಲೇ ಇಳಿದುಬಿಡ್ತಾರೆ. ಮೆಟ್ಟಿಲು ಹಿಂದುಗಡೆ ಅಡಗಿದ್ದರೆ ರಸ್ತೆಗೆ ಕಾಣುವ ಒಂದು ಮಳಿಗೆ ಬಲಿಕೊಟ್ಟು ಕನಿಷ್ಠ ಆರಡಿ ಅಗಲದ ಮೆಟ್ಟಿಲು ಮುಂದಕ್ಕೆ ತನ್ನಿ. ಮೇಲೆ ಬಟ್ಟೆ, ಫ್ಯಾನ್ಸಿ ಅಂಗಡಿ ಬೇಡ. ದಂತವೈದ್ಯರು, ಟ್ಯೂಷನ್, ಟೈಲರ್, ಆಡಿಟರ್ ಆಫೀಸು, ಹೀಗೆ ಜನ ಹೆಸರು ಹಿಡಿದು ಹುಡುಕಿಕೊಂಡು ಬರೋರಿಗೆ ಕೊಡಿ. ಟ್ಯೂಷನ್‌ಗೆ ಕೊಡೋ ಮುಂಚೆ ಎರಡನೇ ಮೆಟ್ಟಿಲು, ಶೌಚಾಲಯ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇದೆಯಾ ನೋಡ್ಕೊಳ್ಳಿ.